ಎರಡು ಭಾಷೆಯಲ್ಲಿ ಹೇಳಿದ ಸಿನಿಮಾ

ಎರಡು ಸಾವಿರದ ಇಸವಿಯ ಸುಮಾರಿಗೆ ನಮ್ಮ ಮನೆಯವರನ್ನು ಬೆಳಗಾವಿ ಹತ್ತಿರದ ಮಚ್ಛೆಯ ಕಾರ್ಖಾನೆಯವರು ಮಷೀನಿನ ಕೆಲಸ ಕಲಿಯಲು ಆರು ತಿಂಗಳು ಜರ್ಮನಿಗೆ ಕಳಿಸಿದ್ದರು. ಫೋನ್ ಮಾಡಿದಾಗಲೆಲ್ಲ, "ಈಗ ಎಲ್ಲಾರ ಜೋಡಿ ಅವರ ಭಾಷಾದಾಗನ ಮಾತಾಡ್ತೇನಿ" ಎನ್ನುತ್ತಿದ್ದರು. ಬೆಳಗಾವಿಗೆ ಮರಳಿದ ಮೇಲೆ ಮಾತ್ರ ಮನುಷ್ಯ ಗಪ್ಪಾಗಿಬಿಟ್ಟರು. ಊಟಕ್ಕೆ ಕೂತರೂ ಗೋಡೆ ನೋಡುವರು. ಇಷ್ಟು ಬೇಗ ಭಾಷೆ ಕಲಿಸಿದವಳು ಯಾರು ಎಂಬ ಹುಳ ನನ್ನ ತಲೆ ಹೊಕ್ಕಿತು. ಕಲಿಸಿದವನು ಇರಬಹುದೆಂದು ಒಮ್ಮೆಯೂ ಅನ್ನಿಸಲಿಲ್ಲ, ನೋಡಿ.

ನನ್ನ ತವರು ಖಾನಾಪುರ. ಅಲ್ಲಿನ ನಾಟಕದ ಹುಚ್ಚಿನವರು ಒಂದು ಭಾನುವಾರ ಮಧ್ಯಾಹ್ನ ಜರ್ಮನ್ ಸಿನಿಮಾ ತರಿಸಿದರು. ರಂಗದ ಮೇಲಿನ ನಾಟಕವನ್ನೇ ಸಿನಿಮಾ ಮಾಡಿದ್ದಂತೆ. ಕೆಳಗೆ ಇಂಗ್ಲಿಷ್ ಅಕ್ಷರವೂ ಬರುತ್ತಿರಲಿಲ್ಲ. ಊರ ಅಳಿಯನಿಗೆ ಜರ್ಮನ್ ಬರುತ್ತದಲ್ಲ ಎಂದು ನಮ್ಮವರ ಕೈಗೆ ಮೈಕ್ ಕೊಟ್ಟು ಪರದೆಯ ಪಕ್ಕ ನಿಲ್ಲಿಸಿದರು. ಅಲ್ಲಿ ಏನೇ ಹೇಳಿದರೂ ಎರಡು ಸಲ ಹೇಳಬೇಕು, ಒಮ್ಮೆ ಕನ್ನಡದಲ್ಲಿ, ಒಮ್ಮೆ ಮರಾಠಿಯಲ್ಲಿ. ಇಲ್ಲದಿದ್ದರೆ ಅರ್ಧ ಸಭೆ ಮುನಿಸಿಕೊಳ್ಳುತ್ತದೆ.

ಇಡೀ ಸಿನಿಮಾ ಒಂದೇ ಕೋಣೆಯಲ್ಲಿ. ಒಬ್ಬ ಗಂಡ, ಒಬ್ಬ ಹೆಂಡತಿ, ನಡುವೆ ಮೇಜು. ಹೆಂಡತಿ ಗಂಡನ ಕೋಟು ಹಿಡಿದು ಬಹಳ ಹೊತ್ತು ಏನೋ ಅಂದಳು. ನಮ್ಮವರು ಕನ್ನಡದಲ್ಲಿ, "ಹೋಗಬ್ಯಾಡ್ರಿ ಅಂತ ಅಳಾಕತ್ತಾಳ" ಎಂದರು. ಮರಾಠಿಗೆ ಬರುವಷ್ಟರಲ್ಲಿ ಅದೇ ಹೆಂಡತಿ ಗಂಡನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದಳು! ಎರಡೂ ಭಾಷೆ ಬಲ್ಲವರು ಬೇಕಾದಷ್ಟಿದ್ದರು. ಅಳಿಯನೆಂದು ಸುಮ್ಮನಿದ್ದರೋ, ಜರ್ಮನ್ ಹೆಂಗಸರೇ ಹಾಗೆ ಎಂದುಕೊಂಡರೋ, ಯಾರೂ ತುಟಿ ಬಿಚ್ಚಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆಕೆ ಇವರಿಗೆ ನಾಟುವಂಥ ಮಾತನ್ನೇ ಅಂದಿದ್ದಾಳೆ, ಅದನ್ನು ಮುಚ್ಚಿಡಲು ಹೋಗಿ ತಡವರಿಸುತ್ತಿದ್ದಾರೆ ಎಂದುಕೊಂಡೆ.

ಬೆಳಗಾವಿಯಲ್ಲಿ ಬಸ್ಸಿಳಿದು ಕೋಟೆಯ ಕಡೆ ನಡೆಯುವಾಗ ತಡೆಯಲಾಗಲಿಲ್ಲ.

"ಖರೇ ಹೇಳ್ರಿ. ಸಿನಿಮಾದಾಗ ಆಕಿ ಏನಂದ್ಲು? ನಿಮಗ ಅಲ್ಲಿ ಭಾಷಾ ಕಲಿಸಿದಾಕಿ ಯಾರು?"

ಅವರು ರಸ್ತೆಯ ಬದಿಯಲ್ಲೇ ನಿಂತರು. "ಆಕಿ ಏನಂದ್ಲೋ ನನಗೇನ ಗೊತ್ತು? ನನಗ ಜರ್ಮನ್ ಬರೂದಿಲ್ಲ."

"ಮತ್ತ ಎಲ್ಲಾರ ಜೋಡಿ ಮಾತಾಡ್ತೇನಿ ಅಂತಿದ್ರಿ?"

"ನೀ ಚಿಂತಿ ಮಾಡ್ತಿ ಅಂತ ಹಂಗ ಅಂದೆ. ಮಷೀನ್ ಮುಂದ ಬರೇ ಕೈಸನ್ನಿ. ರೂಮಿಗೆ ಬಂದ್ರ ನಾಕು ಗ್ವಾಡಿ. ಮಾತಾಡಾಕ ಒಬ್ಬರಾದ್ರೂ ಇದ್ದಿದ್ರ ಕಲೀತಿದ್ದೆ."

ನನ್ನ ಕಣ್ಣು ತುಂಬಿತು. ಅಷ್ಟು ದಿನ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದೆನಲ್ಲ, ಆ ಹೆಂಗಸು ಅಲ್ಲಿ ನಿಜವಾಗಿಯೂ ಇರಬೇಕಿತ್ತು ಅನ್ನಿಸಿತು.