ನಾಲ್ಕರಲ್ಲಿ ಒಂದು

ನನ್ನ ಗಂಡ ನನಗೆ ಸೋದರಮಾವ. ಅವರ ಅಣ್ಣ, ನನ್ನ ದೊಡ್ಡಮಾವ, ವಿಮಾ ಕಚೇರಿಯಲ್ಲಿ ಅಧಿಕಾರಿ. ಯಾವ ವಯಸ್ಸಿನವರು ಎಷ್ಟು ಮಂದಿ ಸಾಯುತ್ತಾರೆ ಎಂಬ ಲೆಕ್ಕದ ಮೇಲೆ ಅನ್ನ ತಿನ್ನುತ್ತಿದ್ದ ಮನುಷ್ಯ. "ಮನೆ ಹುಡುಗಿ ಮನೇಲೇ ಇರ್ಲಿ" ಎಂದು ನಮ್ಮ ಮದುವೆ ಮಾಡಿಸಿದ್ದೂ ಅವರೇ.

ತೊಂಬತ್ತರ ದಶಕದ ಕೊನೆಯಲ್ಲಿ ಮಗಳು ಹುಟ್ಟಿದಳು. ದೀಪಾವಳಿಯಂದು ಕೋಡಂಬಾಕ್ಕಂನ ನಮ್ಮ ಬೀದಿ ಪಟಾಕಿಗೆ ಅದುರುತ್ತಿದ್ದರೂ ತೊಟ್ಟಿಲಲ್ಲಿ ಹಾಯಾಗಿ ಮಲಗಿದ್ದಳು. "ಎಷ್ಟು ಸಾಧು ಮಗು!" ಎಂದು ದೊಡ್ಡಮಾವ ಮೆಚ್ಚಿಕೊಂಡರು. ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ನಮ್ಮಿಬ್ಬರಲ್ಲೂ ಕಿವುಡಿನ ಒಂದೇ ವಂಶವಾಹಿ ಇರಬೇಕು. ರಕ್ತಸಂಬಂಧದಲ್ಲಿ ಹಾಗಾಗುವುದು ಹೆಚ್ಚು. ಜೊತೆಗೊಂದು ಸರಿಯಾದದ್ದೂ ಇರುವುದರಿಂದ ನಮಗೆ ಕೇಳಿಸುತ್ತದೆ. ಮಗುವಿಗೆ ಇಬ್ಬರಿಂದಲೂ ಕಿವುಡಿನದೇ ಬರುವ ಸಂಭವ ನಾಲ್ಕರಲ್ಲಿ ಒಂದು.

ದೊಡ್ಡಮಾವ ಸೋಫಾದಲ್ಲಿ ಕಾಲು ಮೇಲೆ ಕಾಲು ಹಾಕಿ ತೀರ್ಪು ಕೊಟ್ಟರು: "ನಾಲ್ಕರಲ್ಲಿ ಒಂದು ತಾನೆ? ಆ ಒಂದು ಆಗೋಯ್ತು. ಇನ್ನು ಮೂರೂ ಚೆನ್ನಾಗಿರತ್ತೆ. ಲೆಕ್ಕ ಸರಿ ತಾನೆ?"

ಮನೆಯವರೆಲ್ಲ ತಲೆಯಾಡಿಸಿದರು, ನನ್ನ ಗಂಡನೂ.

ಎರಡನೆಯ ಬಸಿರಿನಲ್ಲಿ ಇದನ್ನು ಡಾಕ್ಟರಮ್ಮನಿಗೆ ಹೇಳಿದೆ. ಅವರು ನಕ್ಕುಬಿಟ್ಟರು. "ಮೂರು ಹೆಣ್ಣಾದವಳಿಗೆ ನಾಲ್ಕನೇದು ಗಂಡೇ ಅಂತ ಯಾರಾದ್ರೂ ಬರೆದುಕೊಡ್ತಾರೇನಮ್ಮ? ಅಕ್ಕನಿಗೆ ಏನು ಬಂತು ಅಂತ ಈ ಮಗುಗೆ ಗೊತ್ತಿರಲ್ಲ. ಪ್ರತಿ ಸಲವೂ ಮೊದಲಿಂದ ನಾಲ್ಕರಲ್ಲಿ ಒಂದೇ."

ಮಗ ಹುಟ್ಟಿದ. ಬಾಗಿಲು ಬಡಿದರೆ ಬೆಚ್ಚಿ ಅಳುತ್ತಿದ್ದ. ನನಗೆ ಜೀವ ಬಂದಂತಾಯಿತು. ದೊಡ್ಡಮಾವನಿಗೆ ಮಾತ್ರ ಪಂಡಿತನ ಪದವಿ ಸಿಕ್ಕಿತು. "ನಾನು ಆಗಲೇ ಹೇಳಲಿಲ್ವಾ?" ಎಂದು ಬಂದ ನೆಂಟರಿಗೆಲ್ಲ ತಮ್ಮ ಲೆಕ್ಕ ಒಪ್ಪಿಸಿದರು. ಆ ಲೆಕ್ಕ ತಪ್ಪು, ಹೇಗಿದ್ದರೂ ಮಗುವಿಗೆ ಕೇಳಿಸುವ ಸಂಭವವೇ ಹೆಚ್ಚಿತ್ತು, ನಾಲ್ಕರಲ್ಲಿ ಮೂರು, ಎಂದೆ. ಅವರು ಕಾಫಿ ಸಾಲಲಿಲ್ಲ ಎಂದರು.

ಕೆಲವು ವರ್ಷ ಕಳೆದು ದೊಡ್ಡಮಾವನ ಮಗಳನ್ನು ಅವಳ ಸೋದರತ್ತೆಯ ಮಗನಿಗೆ ಕೇಳಿಕೊಂಡು ಬಂದರು. ಒಳ್ಳೆಯ ಹುಡುಗ. ದೊಡ್ಡಮಾವ ಒಪ್ಪಲಿಲ್ಲ.

"ಯಾಕೆ ಮಾವ? ಮನೆ ಹುಡುಗಿ ಮನೇಲೇ ಇರಬಹುದಲ್ಲ?" ಎಂದೆ.

"ಸೊಂದದಲ್ಲಿ, ನೆಂಟರೊಳಗೇ ಬೇಡಮ್ಮ. ಸುಮ್ನೆ ಯಾಕೆ ರಿಸ್ಕು?" ಎಂದರು, ನನ್ನ ಮಗಳ ತಲೆ ನೇವರಿಸುತ್ತ. ನಾಚಿಕೆಯ ಒಂದು ಗೆರೆಯೂ ಆ ಮುಖದಲ್ಲಿರಲಿಲ್ಲ.

ಮಗಳು ಅವರ ತುಟಿಗಳನ್ನೇ ನೋಡಿ, ದೊಡ್ಡಪ್ಪ ಏನಂದರು ಎಂದು ಕೈಸನ್ನೆಯಲ್ಲಿ ಕೇಳಿದಳು. ಕೇಳುವಂಥದ್ದೇನೂ ಇಲ್ಲ ಎಂದು ಸನ್ನೆ ಮಾಡಿ ಅವಳನ್ನು ಹೊರಗೆ ಕರೆದುಕೊಂಡು ಹೋದೆ.