ಬಲಗೈಗೆ ಮಾತ್ರ ಫ್ರೆಂಚ್

ನನ್ನ ಕೈಯನ್ನು ನನ್ನ ಅನುಮತಿಯಿಲ್ಲದೆ ಮೊದಲು ತೊಳೆದವನು ಕುಮಟೆಯ ಒಬ್ಬ ಫೋಟೋಗ್ರಾಫರ್. ನೀರಿಲ್ಲ, ಸೋಪಿಲ್ಲ, ಕಂಪ್ಯೂಟರಿನಲ್ಲೇ ತೊಳೆದುಬಿಟ್ಟ.

ದೊಡ್ಡ ಮಗಳ ಮದುವೆಯ ಆಲ್ಬಮ್ಮಿನಲ್ಲಿ ಧಾರೆಯ ಚಿತ್ರವೊಂದು ಇಡೀ ಪುಟ ತುಂಬಿಕೊಂಡಿದೆ. ಅದರಲ್ಲಿ ಯಾರ ಮುಖವೂ ಇಲ್ಲ. ಮಗಳ ಕೈ, ಅಳಿಯನ ಕೈ, ಅವುಗಳ ಕೆಳಗೆ ನನ್ನ ಗಂಡನ ಕೈ, ಮೇಲಿನಿಂದ ಗಿಂಡಿ ಹಿಡಿದು ನೀರು ಬಿಡುತ್ತಿರುವ ನನ್ನ ಎರಡು ಕೈ. ಆ ಹೊತ್ತಿನಲ್ಲಿ ನಾನು ಅಲ್ಲಿ ಹಾಜರಿದ್ದೆ ಎನ್ನುವುದಕ್ಕೆ ಆ ಎರಡು ಕೈಗಳೇ ಸಾಕ್ಷಿ. ಆತ ತಿದ್ದಿದ್ದು ಸರಿಯಾಗಿ ಆ ಸಾಕ್ಷಿಯನ್ನೇ. ಹಪ್ಪಳದ ದಿನಗಳಲ್ಲಿ ಉಗುರಿನ ಬುಡಕ್ಕೆ ಹತ್ತಿದ್ದ ಹಲಸಿನ ಮೇಣದ ಕಪ್ಪು ಹೋಗಿತ್ತು. ನರಗಳು ಹೋಗಿದ್ದವು. ಎಡ ಹೆಬ್ಬೆರಳಿನ ಮೇಲೆ ತರಕಾರಿ ಹೆಚ್ಚುವ ಮೆಟ್ಟುಗತ್ತಿ ಹಾಕಿಕೊಟ್ಟ ಅಡ್ಡಗೀರು, ನಾನು ಮದುವೆಯಾಗಿ ಮಂಕಿಗೆ ಬಂದ ಮೊದಲ ವರ್ಷದ್ದು, ಅದೂ ಹೋಗಿತ್ತು. ಗಿಂಡಿ ಹಿಡಿದದ್ದು ಯಾರೋ ಇಪ್ಪತ್ತು ವರ್ಷದವಳ ಕೈ.

ಇದನ್ನು ನಾನು ಕಂಡುಹಿಡಿದದ್ದಲ್ಲ. ಕಳೆದ ವರ್ಷ ಮಂಕಿಗೆ ಬಂದಿದ್ದ ಮೊಮ್ಮಗಳು, ಆಗ ಅವಳಿಗೆ ನಾಲ್ಕು ವರ್ಷ, ಆಲ್ಬಮ್ ತೊಡೆಯ ಮೇಲಿಟ್ಟುಕೊಂಡು ಹಾಜರಿ ಕರೆಯುತ್ತಿದ್ದಳು.

"ಇದು ಆಯಿದು. ಇದು ಅಪ್ಪಂದು. ಇದು ಅಜ್ಜಂದು. ಇದು ಯಾರದ್ದು?"

"ಅಜ್ಜಿದು."

ಅವಳು ನನ್ನ ಎಡಗೈ ಎಳೆದು ಹೆಬ್ಬೆರಳು ನೋಡಿದಳು. ಚಿತ್ರದ ಹೆಬ್ಬೆರಳು ನೋಡಿದಳು. ಮತ್ತೆ ನನ್ನದನ್ನು ನೋಡಿದಳು.

"ಅಲ್ಲ," ಎಂದು ಪುಟ ಮಗುಚಿದಳು.

ಮೂವತ್ತೆರಡು ವರ್ಷ ಪ್ರಾಥಮಿಕ ಶಾಲೆಯಲ್ಲಿ ಹಾಜರಿ ಕರೆದವಳು ನಾನು. ನನ್ನದೇ ಮಗಳ ಧಾರೆಗೆ ನನ್ನನ್ನು ಗೈರುಹಾಜರು ಮಾಡಿದ್ದರು. ಸಿಟ್ಟು ಬಂತು. ಆಲ್ಬಮ್ ಮುಚ್ಚಿ ಕಪಾಟಿನಲ್ಲಿಟ್ಟ ಮೇಲೂ ಆ ಸಿಟ್ಟು ಹೊರಗೇ ಉಳಿಯಿತು.

ಹಾಗಾಗಿ ಸಣ್ಣ ಮಗಳ ಮದುವೆ ನಿಶ್ಚಯವಾದಾಗ, ಜವಳಿ, ಅಡುಗೆಯವರು, ಕರೆಯೋಲೆ ಎಂದು ಎಲ್ಲರೂ ಓಡಾಡುತ್ತಿದ್ದಾಗ ನಾನು ನನ್ನೊಳಗೇ ಒಂದು ಠರಾವು ಪಾಸು ಮಾಡಿದೆ. ಈ ಸಲದ ಧಾರೆಯ ಚಿತ್ರದಲ್ಲಿ ನನ್ನದೇ ಕೈ ಇರಬೇಕು. ಅದಕ್ಕಿರುವ ದಾರಿ, ತಿದ್ದುವವನಿಗೆ ತಿದ್ದಲು ಏನೂ ಸಿಗದ ಹಾಗೆ ನಾವೇ ಮೊದಲು ಕೈಯನ್ನು ತಯಾರು ಮಾಡಿಟ್ಟುಕೊಳ್ಳುವುದು.

ಸಣ್ಣ ಮಗಳಿಗೆ ಮಾತ್ರ ಇದನ್ನು ಹೇಳಿದೆ. ಅವಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಅದಕ್ಕೆ ಫ್ರೆಂಚ್ ಮ್ಯಾನಿಕ್ಯೂರ್ ಎನ್ನುತ್ತಾರಂತೆ. ಉಗುರಿಗೆಲ್ಲ ತೆಳು ಗುಲಾಬಿ, ತುದಿಗೆ ಮಾತ್ರ ಬಿಳಿಯ ಗೆರೆ. ನೋಡಿದವರಿಗೆ ಏನೂ ಹಚ್ಚಿಲ್ಲವೆಂದೇ ಅನ್ನಿಸಬೇಕು, ಅದೇ ಅದರ ದೊಡ್ಡಸ್ತಿಕೆ.

"ತುದಿಗೆ ಬಿಳಿ ಹಚ್ಚೂದಕ್ಕೆ ಫ್ರಾನ್ಸಿನವ್ರು ಬೇಕಾಯ್ತಾ?" ಎಂದೆ. ಮೂವತ್ತೆರಡು ವರ್ಷ ನನ್ನ ಉಗುರಿನ ತುದಿಗೆ ಸರಕಾರವೇ ಬಿಳಿ ಹಚ್ಚುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಸೀಮೆಸುಣ್ಣ ಹಿಡಿದರೆ ಸಂಜೆಯವರೆಗೆ ಹತ್ತೂ ಬೆರಳಿಗೆ ಫ್ರೆಂಚ್. ಆಗ ಅದನ್ನು ಯಾರೂ ಫ್ಯಾಶನ್ ಎನ್ನಲಿಲ್ಲ. ಊಟಕ್ಕೆ ಮೊದಲು ಕೈ ತೊಳೆ ಎಂದರು.

ಆದರೂ ಹೊನ್ನಾವರದ ಒಂದು ಪಾರ್ಲರಿಗೆ ಹೋದೆ. ಒಳಗೆ ಕುರ್ಚಿಯಲ್ಲಿ ಕೂತು ಕೈ ಚಾಚಿದ ಮೇಲೆ ಪಾರ್ಲರಿನ ಹುಡುಗಿ ನನ್ನ ಮುಖ ನೋಡಿದಳು.

"ಟೀಚರ್, ನಾನು. ಗುರ್ತ ಸಿಗ್ಲಿಲ್ಲ ಅಲ್ದಾ? ನಿಮ್ಮ ಕೈಯಲ್ಲಿ ಪೆಟ್ಟು ತಿಂದವ್ಳು."

ಅದರಿಂದ ಗುರುತು ಹತ್ತುವ ಹಾಗಿರಲಿಲ್ಲ. ಅಂಥವರು ಹೊನ್ನಾವರದಿಂದ ಭಟ್ಕಳದವರೆಗೆ ಪ್ರತಿ ಬಸ್ಸಿನಲ್ಲೂ ಇಬ್ಬರು ಮೂವರು ಸಿಗುತ್ತಾರೆ.

"ಯಾವ ಪಾಠಕ್ಕೆ?"

"ಪಾಠಕ್ಕಲ್ಲ ಟೀಚರ್. ಉಗುರಿಗೆ. ಸೋಮವಾರ ಸೋಮವಾರ ಸಾಲಲ್ಲಿ ನಿಲ್ಸಿ ಉಗುರು ನೋಡ್ತಿದ್ರಿ. ಉದ್ದ ಇದ್ರೆ ಸ್ಕೇಲಲ್ಲಿ ಒಂದು." ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಎತ್ತಿ, ಅತ್ತಿತ್ತ ತಿರುಗಿಸಿ ಪರೀಕ್ಷಿಸಿದಳು. ಇಪ್ಪತ್ತು ವರ್ಷ ಕಾದ ಸೋಮವಾರ ಅವಳಿಗೆ ಅವತ್ತು ಸಿಕ್ಕಿತ್ತು. "ಆಗೂದಿಲ್ಲ ಟೀಚರ್. ಫ್ರೆಂಚಿಗೆ ಉಗುರಿನ ತುದಿ ಬೇಕು. ನಿಮ್ಮದ್ರಲ್ಲಿ ತುದಿನೇ ಇಲ್ಲ."

"ಮತ್ತೆಂತ ಮಾಡೂದು?"

"ಬೇರೆ ಉಗುರು ಅಂಟಿಸ್ಕೊಡ್ತೆ. ಯಾರಿಗೂ ಗೊತ್ತಾಗೂದಿಲ್ಲ."

ಅವಳು ಡಬ್ಬಿ ತೆರೆದಳು. ಒಳಗೆ ಸಾಲಾಗಿ ಉಗುರುಗಳು, ಯಾರ ಬೆರಳಿಗೂ ಸೇರದವು, ನೆಟ್ಟಗೆ, ಹೊಳೆಯುತ್ತಾ ಕೂತಿದ್ದವು. ನೋಡಿದ್ದೇ ನನಗೆ ಕುಮಟೆಯ ಫೋಟೋಗ್ರಾಫರ್ ನೆನಪಾದ. ಒಬ್ಬ ನನ್ನ ಕೈಯನ್ನು ಚಿತ್ರದಲ್ಲಿ ಬದಲಿಸಿದ. ಇವಳು ಕೈಯಲ್ಲೇ ಬದಲಿಸಲು ಹೊರಟಿದ್ದಾಳೆ.

"ನನಗೆ ಗೊತ್ತಾಗ್ತದಲ್ಲ ಮಾರಾಯ್ತಿ," ಎಂದು ಕೈ ಹಿಂದಕ್ಕೆ ತೆಗೆದುಕೊಂಡೆ.

"ಹಾಗಾರೆ ಒಂದ್ ತಿಂಗ್ಳು ಬಿಡಿ," ಎಂದಳು. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ, "ಟೀಚರ್, ಸ್ಕೇಲಲ್ಲಿ ಯಾರೂ ಹೊಡೂದಿಲ್ಲ, ಬಿಡಿ," ಎಂಬ ಮಾತೂ ಬಂತು.

ಒಂದು ತಿಂಗಳು ಉಗುರು ಬಿಡುವುದು ಎಷ್ಟು ಕಷ್ಟವೆಂದು ಬಿಟ್ಟವರಿಗೇ ಗೊತ್ತು. ಬಂಗಡೆ ಹೆಚ್ಚುವಾಗ, ಹಿಟ್ಟು ಕಲಸುವಾಗ, ಎಲ್ಲ ಕೆಲಸದಲ್ಲೂ ಅವು ನನಗಿಂತ ಮೊದಲು ಮುಂದೆ ಬಂದು ನಿಲ್ಲುತ್ತಿದ್ದವು. ಆದರೂ ಬೆಳೆಸಿದೆ. ನಡುವೆ ಒಂದು ದಿನ ಭಟ್ಕಳದ ಪೇಟೆಗೆ ಹೋಗಿ ಒಂದು ಬಾಟಲಿ ತೆಳು ಗುಲಾಬಿ, ಒಂದು ಬಾಟಲಿ ಬಿಳಿ ತಂದೆ. ಅಂಗಡಿಯವರು ಬಿಳಿಯನ್ನು ಒಳಗಿನಿಂದ ಹುಡುಕಿ ತಂದು, ಧೂಳು ಒರೆಸಿ, "ಮಗಳಿಗಾ?" ಎಂದು ಕೇಳಿದರು. ನನಗೆ ಎಂದೆ. ಅವರು ಮತ್ತೊಮ್ಮೆ ಧೂಳು ಒರೆಸಿದರು.

ಮದುವೆ ಬುಧವಾರ. ಅದರ ಹಿಂದಿನ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು, ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಒತ್ತಿಕೊಂಡು, ಹೊನ್ನಾವರದ ಬಳಿಯ ಕಾಸರಕೋಡಿನಲ್ಲಿರುವ ನನ್ನ ಅಕ್ಕನ ಹತ್ತಿರ ಯಾರನ್ನು ಕರೆದಾಯಿತು, ಯಾರು ಬಾಕಿ ಎಂದು ಮಾತಾಡುತ್ತಿದ್ದೆ. ಕಿಟಿಕಿಯಲ್ಲಿ ನೇಲ್ ಕಟರ್ ಇತ್ತು. ಮೂವತ್ತೆರಡು ವರ್ಷ ಭಾನುವಾರ ತಪ್ಪದೆ ನನ್ನ ಉಗುರು ತೆಗೆದವಳು ನಾನು. ಸೋಮವಾರ ಮಕ್ಕಳ ಉಗುರು ನೋಡುವವಳ ಉಗುರು ಮೊದಲು ಶುದ್ಧವಿರಬೇಕಲ್ಲ. ಅಕ್ಕ ಕರ್ಕಿಯ ಸಂಬಂಧಿಕರ ವಿಷಯಕ್ಕೆ ಬಂದಾಗ ಕಾಲಿನ ಹತ್ತಿರ ಏನೋ ಬಿದ್ದ ಹಾಗಾಯಿತು. ನೋಡಿದರೆ ನೆಲದ ಮೇಲೆ ಐದು ಬಿಳಿಯ ಚೂರು. ಎಡಗೈ ಪೂರ್ತಿ ಮುಗಿದಿತ್ತು. ಬಲಗೈಯ ಉಗುರು ತೆಗೆಯಲು ಕಟರು ಎಡಗೈಗೆ ದಾಟುವುದರಲ್ಲಿತ್ತು.

"ಎಂತ ಆಯ್ತೇ, ಮಾತೇ ಇಲ್ಲ?" ಎಂದಳು ಅಕ್ಕ.

"ಉಗುರು ತೆಗ್ದೆ."

"ತೆಗಿ, ಒಳ್ಳೇದೇ ಆತು. ಮದುವೆ ಮನೆ," ಎಂದು ಅವಳು ಕರ್ಕಿಗೇ ವಾಪಸಾದಳು.

ನನಗೆ ಯಾರ ಮೇಲೆ ಸಿಟ್ಟು ಮಾಡುವುದೆಂದು ತಿಳಿಯಲಿಲ್ಲ. ಫೋಟೋಗ್ರಾಫರ ಮೇಲೆ ಮಾಡಬಹುದಿತ್ತು, ಪಾರ್ಲರಿನವಳ ಮೇಲೂ. ನನ್ನದೇ ಬಲಗೈ ಹಳೆಯ ಇಲಾಖೆಯ ಆದೇಶವನ್ನು ನಿವೃತ್ತಿಯ ನಂತರವೂ ಪಾಲಿಸುತ್ತಿದ್ದರೆ ಅದಕ್ಕೆ ಯಾರಿಗೆ ದೂರು ಕೊಡುವುದು?

ಉಳಿದದ್ದು ಬಲಗೈ. ಗಿಂಡಿ ಹಿಡಿಯುವುದರಲ್ಲಿ ಅದೇ ಮುಂದೆ ಇರುತ್ತದೆ, ಅಷ್ಟಾದರೂ ಆಗಲಿ ಎಂದುಕೊಂಡೆ. ಆದರೆ ಬಲಗೈ ಉಗುರಿಗೆ ಬಣ್ಣ ಹಚ್ಚಬೇಕಾದದ್ದು ಎಡಗೈ. ನನ್ನ ಎಡಗೈ ಜೀವಮಾನದಲ್ಲಿ ಒಂದು ನೆಟ್ಟಗಿನ ಗೆರೆ ಎಳೆದದ್ದಿಲ್ಲ. ಮಂಗಳವಾರ ಮಧ್ಯಾಹ್ನ, ನೆಂಟರು ಊಟ ಮಾಡಿ ಅಡ್ಡಾದ ಹೊತ್ತಿಗೆ, ಒಳಕೋಣೆಯಲ್ಲಿ ಬಾಟಲಿಗಳನ್ನಿಟ್ಟುಕೊಂಡು ಕೂತೆ. ಗುಲಾಬಿ ಹೇಗೋ ಆಯಿತು, ಅದರ ತಪ್ಪು ಕಣ್ಣಿಗೆ ಕಾಣುವುದಿಲ್ಲ. ಬಿಳಿಯ ಗೆರೆ ಮಾತ್ರ ತೋರುಬೆರಳಿನಲ್ಲಿ ಶರಾವತಿಯ ಹಾಗೆ ಹರಿದು ಗೆಣ್ಣಿನ ಕಡೆ ಸಮುದ್ರ ಸೇರಿತು. ಒರೆಸಿದೆ. ಮತ್ತೆ ಎಳೆದೆ. ಮತ್ತೆ ಒರೆಸಿದೆ.

ಸಣ್ಣ ಮಗಳು ಎರಡೂ ಕೈಗೆ ಮೆಹಂದಿ ಹಚ್ಚಿಸಿಕೊಂಡು, ಕೈಗಳನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕೂತಿದ್ದಳು. ಸಹಾಯ ಮಾಡುವ ಹಾಗಿರಲಿಲ್ಲ, ಸಲಹೆಗೆ ತೊಂದರೆಯಿರಲಿಲ್ಲ.

"ಆಯೀ, ಅಳತೆಗೆ ಎಂತಾರೂ ಅಂಟಿಸ್ಕಳ್ಬೇಕು. ಟಿಕ್ಲಿ ಅಂಟಿಸು. ದುಂಡಗಿರ್ತದಲ್ಲ. ಟಿಕ್ಲಿ ಬಿಟ್ಟು ಹೊರಗುಳ್ದ ತುದಿಗೆ ಬಿಳಿ ಹಚ್ಚು, ಆಮೇಲೆ ಟಿಕ್ಲಿ ಕಿತ್ಬಿಡು."

ಹಣೆಗಿಡುವ ಟಿಕ್ಲಿಯ ಹಾಳೆ ತಂದೆ. ಎಡಗೈಯಲ್ಲಿ ಹಿಡಿದ ಟಿಕ್ಲಿ ಮೊದಲು ಎಡಗೈಗೇ ಅಂಟಿತು, ಆಮೇಲೆ ಮೊಣಕಾಲಿಗೆ. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕಣ್ಣಿನ ಆಪರೇಶನ್ ಆದಂದಿನಿಂದ ನಮ್ಮ ಅತ್ತೆಗೆ ಕಾಣದ್ದು ಅಂತ ಈ ಮನೆಯಲ್ಲಿ ಯಾವುದೂ ಇಲ್ಲ.

"ಎಂತದೇ ಇದು. ಹಣೆಗಿಡೂದನ್ನ ಉಗುರಿಗೆ ಇಡ್ತಾರ ಈಗ?"

"ಅಳತೆಗೆ ಅತ್ತೆ. ಆಮೇಲೆ ತೆಗೂದು."

"ತೆಗೂದಾದ್ರೆ ಯಾಕೆ ಇಡೂದು? ಕೊಡು ಇತ್ಲಾಗೆ."

ನನ್ನ ಬಲಗೈಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು ಕೂತರು. ಹಾಳೆಯಿಂದ ಒಂದೊಂದೇ ಟಿಕ್ಲಿ ಬಿಡಿಸಿ, ಐದೂ ಬೆರಳಿಗೆ, ಕೂದಲೆಳೆಯ ವ್ಯತ್ಯಾಸವಿಲ್ಲದೆ ಇಟ್ಟರು. ನನಗೆ ಬಾಯಿ ಬಿಡುವುದೊಂದೇ ಕೆಲಸ.

"ಇಷ್ಟು ನೆಟ್ಟಗೆ ಹೇಗೆ ಕೂಡಿಸಿದ್ರಿ?"

"ಮೂವತ್ತು ವರ್ಷ ಕನ್ನಡಿ ನೋಡದೇ ಇಟ್ಟವ್ಳು ನಾನು," ಎಂದರು. ಮಾವ ಹೋಗಿ ಹದಿನೆಂಟು ವರ್ಷ. ಅವರ ಬೆರಳ ತುದಿಯಲ್ಲಿ ಒಂದು ಟಿಕ್ಲಿ ಹೆಚ್ಚಾಗಿ ಉಳಿದಿತ್ತು. ಅದನ್ನು ಸ್ವಲ್ಪ ಹೊತ್ತು ನೋಡಿ ವಾಪಸು ಹಾಳೆಗೆ ಅಂಟಿಸಿದರು. "ಹಚ್ಚು ಬೇಗ. ನೆಂಟ್ರು ಎದ್ದು ಚಾ ಕೇಳ್ತಾರೆ."

ಬಿಳಿಯನ್ನೂ ಅವರೇ ಹಚ್ಚಿದರು. ಟಿಕ್ಲಿ ಕಿತ್ತಾಗ ಐದು ಉಗುರಿನ ತುದಿಯಲ್ಲಿ ಐದು ಗೆರೆ, ಹೊನ್ನಾವರದ ಪಾರ್ಲರು ಬಂದು ನೋಡಿ ಕಲಿಯಬೇಕು, ಹಾಗಿದ್ದವು.

ನನ್ನ ಗಂಡ ಈ ಮದುವೆಗೂ ಅದೇ ಫೋಟೋಗ್ರಾಫರನ್ನು ಹೇಳಿದ್ದರು, ಒಳ್ಳೆಯ ಆಲ್ಬಮ್ ಮಾಡುತ್ತಾನೆ ಎಂಬ ಕಾರಣಕ್ಕೆ. ಧಾರೆಗೆ ಮೊದಲು ನಾನು ಅವನನ್ನು ಬದಿಗೆ ಕರೆದೆ.

"ನೋಡು ತಮ್ಮಾ, ಇವು ನನ್ನ ಕೈ. ಹೇಗಿದ್ದಾವೋ ಹಾಗೇ ಬರ್ಬೇಕು. ಕಂಪ್ಯೂಟರಲ್ಲಿ ಮುಟ್ಟೂ ಹಾಗಿಲ್ಲ."

"ಆತು ಟೀಚರ್," ಎಂದ. ಅವನೂ ಯಾವುದೋ ಸೋಮವಾರದವನೇ ಇರಬೇಕು.

ಎರಡು ವಾರದ ನಂತರ ಅವನ ಫೋನು ಬಂತು.

"ಟೀಚರ್, ಧಾರೆ ಫೋಟೋದಲ್ಲಿ ಒಂದ್ ಸಮಸ್ಯೆ. ನಿಮ್ಮ ಎರಡು ಕೈ ಬೇರೆ ಬೇರೆಯವ್ರದ್ದರ ಹಾಗೆ ಕಾಣ್ತದೆ. ಒಂದ್ರ ಹಾಗೆ ಇನ್ನೊಂದ್ನ ಮಾಡೂದಾ?"

"ಯಾವುದ್ರ ಹಾಗೆ ಯಾವುದ್ನ?"

"ಬಲಗೈ ಚಂದ ಇದೆ. ಎಡಗೈನೂ ಹಾಗೇ ಮಾಡ್ಬಿಡ್ವಾ ಅಂತ."

ಮೂವತ್ತೆರಡು ವರ್ಷದಲ್ಲಿ ಯಾವ ಮಗುವಿಗೂ ಹೇಳದ ಎರಡು ಮಾತು ಅವನಿಗೆ ಹೇಳಿದೆ. ಅವುಗಳನ್ನು ಇಲ್ಲಿ ಬರೆಯುವುದಿಲ್ಲ. ಚಿತ್ರ ಇದ್ದ ಹಾಗೆಯೇ ಬಂತು. ಎಡಗೈಯಲ್ಲಿ ಕಪ್ಪು, ನರ, ಮೆಟ್ಟುಗತ್ತಿಯ ಗೀರು, ಬುಡದವರೆಗೆ ತೆಗೆದ ಉಗುರು, ಎಲ್ಲವೂ ಹಾಜರು. ಬಲಗೈಯಲ್ಲಿ ಅತ್ತೆಯ ಐದು ಗೆರೆ, ಅರಿಶಿನ ತಾಗಿ ಬಿಳಿ ಸ್ವಲ್ಪ ಹಳದಿಗೆ ತಿರುಗಿದ್ದರೂ ಗೆರೆ ಗೆರೆಯೇ.

ಮೊನ್ನೆ ಕುಮಟೆಗೆ, ದೊಡ್ಡ ಮಗಳ ಮನೆಗೆ, ಆಲ್ಬಮ್ ತೆಗೆದುಕೊಂಡು ಹೋಗಿದ್ದೆ. ಮೊಮ್ಮಗಳು ತೊಡೆಯ ಮೇಲಿಟ್ಟುಕೊಂಡು ಆ ಪುಟಕ್ಕೆ ಬಂದಳು.

"ಇದು ಚಿಕ್ಕಿದು. ಇದು ಚಿಕ್ಕಪ್ಪಂದು. ಇದು ಅಜ್ಜಂದು." ಅವಳ ಬೆರಳು ಎಡಗೈಯ ಗೀರಿನ ಮೇಲೆ ಬಂದು ನಿಂತಿತು. "ಇದು ಅಜ್ಜಿದು."

ಕಣ್ಣು ತೇವವಾಯಿತು ಎಂದು ಬರೆಯಬಹುದಿತ್ತು. ಆದರೆ ಅವಳು ಅಷ್ಟಕ್ಕೆ ನಿಲ್ಲಿಸಲಿಲ್ಲ. ಬೆರಳು ಬಲಗೈಯ ಬಿಳಿ ತುದಿಗಳ ಕಡೆ ಸರಿಯಿತು.

"ಅಜ್ಜೀ, ನಿನ್ನ ಜೊತಿಗೆ ಗಿಂಡಿ ಹಿಡ್ಕಂಡದ್ದು ಯಾರು?"

"ಅದೂ ನಾನೇ."

ನನ್ನ ಬಲಗೈ ಎಳೆದು ನೋಡಿದಳು. ಹಿಂದಿನ ದಿನ ಭಾನುವಾರ, ಉಗುರೆಲ್ಲ ತೆಗೆದಾಗಿತ್ತು.

"ಅಲ್ಲ," ಎಂದು ಪುಟ ಮಗುಚಿದಳು.