ಮತಗಟ್ಟೆಯಲ್ಲಿ ಅಪ್ಪನ ಕಪ್ಪು ಬೆರಳು

ಮುಳಬಾಗಿಲಿನ ನಮ್ಮ ಮನೆಗೆ ಪ್ರಿಂಟರ್ ಬಂದಾಗ ಅಪ್ಪ ಲೆಕ್ಕಪತ್ರದ ಕೆಲಸದಿಂದ ಆಗಷ್ಟೇ ನಿವೃತ್ತರಾಗಿದ್ದರು. ಕೈ ಖಾಲಿ ಇತ್ತು. ಹಾಗಾಗಿ ಪ್ರಿಂಟರಿನ ಇಂಕು ಕಾಯುವ ಕೆಲಸಕ್ಕೆ ತಮ್ಮನ್ನು ತಾವೇ ನೇಮಿಸಿಕೊಂಡರು.

ಏನೇ ಪ್ರಿಂಟ್ ತೆಗೆದರೂ ಇಂಕು ಕಡಿಮೆ ಹಿಡಿಯುವ ಡ್ರಾಫ್ಟ್ ಮೋಡಿನಲ್ಲೇ ತೆಗೆಯಬೇಕು, ದಪ್ಪ ಅಕ್ಷರ ಕೂಡದು. ಇಂಕು ಮುಗಿಯುತ್ತಾ ಬಂತು ಎಂದು ಕಂಪ್ಯೂಟರ್ ಎಚ್ಚರಿಸಿದರೆ, "ಅದು ಕಂಪನಿಯವರ ಕಡೇದು ಕಣೋ, ಹಂಗೇ ಹೇಳುತ್ತೆ" ಎನ್ನುತ್ತಿದ್ದರು. ಕಾರ್ಟ್ರಿಜ್ ಹೊರತೆಗೆದು ಕೆಮ್ಮಿನ ಔಷಧಿಯ ಸೀಸೆಯಂತೆ ಮೆಲ್ಲಗೆ ಅಲುಗಾಡಿಸಿ, ಅದರ ಬಾಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸುವರು. ಅದು ನಿಜಕ್ಕೂ ಇನ್ನಷ್ಟು ಹಾಳೆ ಕೊಡುತ್ತಿತ್ತು ಎಂಬುದನ್ನು ಒಪ್ಪಲೇಬೇಕು.

ಇದರಿಂದ ಸೋತು ಹೋದವಳು ಅಮ್ಮ. ಅವಳ ಭಜನಾ ಮಂಡಳಿಯ ಹಾಡುಗಳನ್ನು ಅಪ್ಪನೇ ಪ್ರಿಂಟ್ ಮಾಡಿಕೊಡುತ್ತಿದ್ದರು. ಅಕ್ಷರಗಳು ಎಷ್ಟು ತೆಳುವಾಗಿದ್ದವೆಂದರೆ ಹೆಂಗಸರು ಕಂಡಷ್ಟನ್ನು ಹಾಡಿ, ಕಾಣದ್ದಕ್ಕೆ ಜೋರಾಗಿ ತಾಳ ಹಾಕುತ್ತಿದ್ದರು.

"ನಿಮ್ಮ ಇಂಕು ಉಳೀತು, ದೇವರಿಗೆ ಅರ್ಧ ಹಾಡು ಹೋಯ್ತು" ಎಂದಳು ಅಮ್ಮ ಒಂದು ದಿನ.

ಅಪ್ಪನಿಗೆ ಅದು ನಾಟಿತು. ಕೋಲಾರಕ್ಕೆ ಹೋಗಿ ರೀಫಿಲ್ ಇಂಕಿನ ಬಾಟಲಿಯನ್ನೂ ಸಿರಿಂಜನ್ನೂ ತಂದರು. ಮಾರನೆಯ ದಿನ ಚುನಾವಣೆ. ಮತ ಹಾಕಲು ಹೊರಡುವ ಮೊದಲೇ ಕೆಲಸ ಮುಗಿಸುತ್ತೇನೆಂದು ಬೆಳಿಗ್ಗೆಯೇ ಕುಳಿತರು. ಎಡಗೈಯಲ್ಲಿ ಕಾರ್ಟ್ರಿಜ್, ಬಲಗೈಯಲ್ಲಿ ಸಿರಿಂಜ್. ನಿಧಾನಕ್ಕೆ ಬಿಡಬೇಕಾದ ಇಂಕನ್ನು ಅಪ್ಪ ಉತ್ಸಾಹದಲ್ಲಿ ಒತ್ತಿಬಿಟ್ಟರು. ಮೇಲಿನ ತೂತಿನಿಂದ ಬುಳಕ್ಕನೆ ಉಕ್ಕಿ, ಎಡಗೈ ಮಣಿಕಟ್ಟಿನವರೆಗೆ ಕಪ್ಪಾಯಿತು. ಸೋಪು, ನಿಂಬೆಹಣ್ಣು, ಸೀಮೆಎಣ್ಣೆ, ಯಾವುದಕ್ಕೂ ಜಗ್ಗಲಿಲ್ಲ. ಕಿರುಬೆರಳೊಂದು ಮಾತ್ರ ಹೇಗೋ ತಪ್ಪಿಸಿಕೊಂಡಿತ್ತು.

ಮೂವರೂ ಮತಗಟ್ಟೆಗೆ ಹೋದೆವು. ಬೆರಳು ನೋಡುವ ಅಧಿಕಾರಿ ಅಪ್ಪನ ಕೈ ಹಿಡಿದವರು ಬಿಡಲೇ ಇಲ್ಲ.

"ಏನ್ ಸಾರ್ ಇದು? ಆಗ್ಲೇ ಹಾಕ್ಬಿಟ್ಟಿದ್ದೀರಾ?"

"ಇಲ್ಲ ಸ್ವಾಮಿ, ಇದು ಪ್ರಿಂಟರ್ ಇಂಕು."

"ಹಂಗಂತ ಎಲ್ಲಾರೂ ಹೇಳ್ಬೋದಲ್ಲ?"

ಯಾವ ಕಳ್ಳ ಓಟಿನವನು ಇಂಥ ನೆಪ ಹೇಳಿಯಾನು ಎಂದು ನನಗೆ ನಗು ಬಂತು. ಅಪ್ಪನ ಮುಖ ಮಾತ್ರ ಕೆಂಪಾಗಿತ್ತು. ಇಡೀ ಬದುಕಿನಲ್ಲಿ ಒಂದು ಲೆಕ್ಕವೂ ತಪ್ಪದ ಮನುಷ್ಯ, ಈಗ ಸಾಲಿನ ಎದುರು ಕೈ ಚಾಚಿಕೊಂಡು ನಿಂತಿದ್ದರು. ಪಕ್ಷದ ಏಜೆಂಟರಲ್ಲಿ ಒಬ್ಬರು, ನಮ್ಮ ಬೀದಿಯವರೇ, ಎದ್ದು ಬಂದು ನೋಡಿ, "ಏಮಿ ಸಾರ್ ಇದಿ! ಇಡೀ ಊರಿನ ಓಟು ನೀವೊಬ್ರೇ ಹಾಕಿದ್ರಾ?" ಎಂದು ತೆಲುಗು ಬೆರೆಸಿ ಕೇಳಿದರು. ಸಾಲಿನವರೆಲ್ಲ ನಕ್ಕರು.

ಅಮ್ಮ ಮುಂದೆ ಬಂದಳು. "ಬೆಳಿಗ್ಗೆಯಿಂದ ಡಬ್ಬಿಗೆ ಸೂಜಿ ಚುಚ್ಚುತ್ತಾ ಕೂತಿದ್ರು ಸಾರ್. ನಾನೇ ಸಾಕ್ಷಿ. ಬೇಕಾದ್ರೆ ಮನೆಗೆ ಬನ್ನಿ, ನೆಲಾನೂ ಹಿಂಗೇ ಆಗಿದೆ."

ಅಧಿಕಾರಿ ಪಟ್ಟಿಯಲ್ಲಿ ಹುಡುಕಿದರು. ಅಪ್ಪನ ಹೆಸರಿನ ಮೇಲೆ ಗೆರೆ ಬಿದ್ದಿರಲಿಲ್ಲ. ಏಜೆಂಟರೆಲ್ಲ ಇವರು ಗೊತ್ತಿದ್ದವರೇ ಎಂದರು. ಉಳಿದದ್ದು ಗುರುತು ಹಾಕುವ ಸಮಸ್ಯೆ. ಕೊನೆಗೆ ಅಧಿಕಾರಿಯ ಕಣ್ಣು ಕಿರುಬೆರಳಿನ ಮೇಲೆ ಬಿತ್ತು. ಬೆಳ್ಳಗೆ ಉಳಿದಿದ್ದ ಆ ಒಂದು ಬೆರಳಿಗೂ ಶಾಯಿ ಬಳಿದರು. ಅಪ್ಪ ಮತ ಹಾಕಿ ತಲೆಯೆತ್ತಿಕೊಂಡೇ ಹೊರಬಂದರು.

ಮನೆಗೆ ಬಂದವರೇ ಚಪ್ಪಲಿ ಬಿಟ್ಟು ನೇರ ಪ್ರಿಂಟರಿನ ಬಳಿ ಹೋದರು. ಮೊದಲ ಹಾಳೆ ಗೀರುಗೀರಾಗಿ ಬಂತು. ಮುಂದಿನದರಲ್ಲಿ ಭಜನೆಯ ಅಕ್ಷರಗಳೆಲ್ಲ ಅಚ್ಚ ಕಪ್ಪು.

ಸುದ್ದಿ ಬೀದಿಯಲ್ಲೆಲ್ಲ ಹರಡಿ, ಪ್ರಿಂಟರ್ ಇದ್ದವರು ಖಾಲಿ ಕಾರ್ಟ್ರಿಜ್ ಹಿಡಿದು ಬರತೊಡಗಿದರು. ಅಪ್ಪ ಅವರನ್ನು ಜಗಲಿಯಲ್ಲಿ ಕೂರಿಸಿ, ಸಿರಿಂಜನ್ನು ಹನಿಹನಿಯಾಗಿ ಒತ್ತುವುದು ಹೇಗೆಂದು ಗಂಭೀರವಾಗಿ ಹೇಳಿಕೊಡುತ್ತಿದ್ದರು. ಅಮ್ಮ ಒಳಗಿನಿಂದ ಹಾಲಿನ ಪ್ಲಾಸ್ಟಿಕ್ ಕವರುಗಳನ್ನು ತಂದು, "ಮೊದ್ಲು ಇದನ್ನ ಕೈಗೆ ಹಾಕ್ಕೊಳ್ಳಿ. ಮೇಷ್ಟ್ರು ಈ ಪಾಠ ಬಿಟ್ಬಿಡ್ತಾರೆ" ಎಂದು ಹಂಚುತ್ತಿದ್ದಳು.